ಎದುರಿನಿಂದ ಮಾತ್ರ ನೋಡಿದ ಪೆಟ್ಟಿಗೆ

ನಮ್ಮ ಕಾಲೇಜಿನ ಇಬ್ಬರು ಹೊಸ ಉಪನ್ಯಾಸಕರು ಮನೆಗೆ ಬಂದು, ‘ಸಾರ್, ನಿಮ್ಮ ಅನುಭವ ಬರೆದುಕೊಡಿ, ಲ್ಯಾಬಿಗೆ ಹೊಸದಾಗಿ ಸೇರುವವರಿಗೆ ದಾರಿದೀಪ ಆಗುತ್ತೆ’ ಎಂದರು. ದಾರಿದೀಪ ಎಂಬ ಮಾತು ಕೇಳಿ ನಗು ಬಂತು. ನಗುವ ಹಾಗಿರಲಿಲ್ಲ, ಕಾಫಿ ಕೊಟ್ಟು ಕಳಿಸಿದೆ. ನಾಲ್ಕು ತಿಂಗಳು ಕಾಗದ ಮುಟ್ಟಲಿಲ್ಲ. ಅವರು ಎರಡು ಸಲ ಫೋನ್ ಮಾಡಿದ ಮೇಲೆ ಕೂತಿದ್ದೇನೆ. ಇದರಲ್ಲಿ ದೀಪ ಎಲ್ಲೂ ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಚಾಮರಾಜನಗರದ ಒಂದು ಖಾಸಗಿ ವಿಜ್ಞಾನ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಲ್ಯಾಬ್ ಇನ್‌ಸ್ಟ್ರಕ್ಟರ್ ಆಗಿದ್ದೆ. ಅರ್ಧ ಆಯಸ್ಸು ಬ್ಯೂರೆಟ್ಟಿನ ಗಾಜಿನ ಕೊಳವೆ ತೊಳೆಸುವುದರಲ್ಲಿ ಹೋಯಿತು, ಇನ್ನರ್ಧ ಪೆಟ್ಟಿಗೆ ಎಳೆಯುವುದರಲ್ಲಿ ಹೋಯಿತು. ಪೆಟ್ಟಿಗೆ ಎಂದರೆ ಮರದ್ದಲ್ಲ, ತಗಡಿನದ್ದಲ್ಲ. ಅಣುಗಳನ್ನು ಕಂಪ್ಯೂಟರ್ ಪರದೆಯ ಮೇಲೆ ತೋರಿಸುವ ಒಂದು ಸಾಫ್ಟ್‌ವೇರ್ ಇದೆ. ಅದರೊಳಗೆ ಉದ್ದ, ಅಗಲ, ಆಳ ಮೂರೂ ಇರುವ ಪೆಟ್ಟಿಗೆಯನ್ನು ಗೆರೆಗಳಲ್ಲಿ ಎಳೆಯಬೇಕು. ಸಂಜೆ ಮನೆಗೆ ಬಂದರೆ ನನ್ನ ಹೆಂಡತಿ, ‘ಇವತ್ತೆಷ್ಟು ಇಲ್ದಿರೋ ಡಬ್ಬ ಎಳ್ದು ಬಂದ್ರಿ?’ ಎಂದು ಕೇಳುತ್ತಿದ್ದಳು. 

ಈ ಪೆಟ್ಟಿಗೆ ಯಾಕೆ ಬೇಕು ಎಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಮೈಯೊಳಗಿನ ಪ್ರೋಟೀನು ಪರದೆಯ ಮೇಲೆ ಬಿಡಿಸಲಾರದಂತೆ ಗಂಟುಬಿದ್ದ ನೂಲಿನ ಉಂಡೆಯ ಹಾಗೆ ಕಾಣುತ್ತದೆ. ಅದರಲ್ಲಿ ಎಲ್ಲೋ ಒಂದು ಕಡೆ ಗುಳಿ ಇರುತ್ತದೆ. ಪ್ರೋಟೀನಿನ ಕೆಲಸವೆಲ್ಲ ನಡೆಯುವುದು ಆ ಗುಳಿಯಲ್ಲಿ. ಔಷಧಿಯ ಅಣು ಹೋಗಿ ಅಲ್ಲಿ ಕೂತರೆ ಆ ಕೆಲಸ ನಿಲ್ಲುತ್ತದೆ. ಕೂರುತ್ತದೋ ಇಲ್ಲವೋ ಎಂದು ಕಂಪ್ಯೂಟರು ಲಕ್ಷ ಸಲ ಅಣುವನ್ನು ಹಾಗೆ ಹೀಗೆ ತಿರುಗಿಸಿ ಇಟ್ಟು ನೋಡಿ ಒಂದು ಅಂಕ ಕೊಡುತ್ತದೆ. ಉಂಡೆಯ ಮೈಯೆಲ್ಲ ಹುಡುಕು ಎಂದರೆ ನಮ್ಮ ಹಳೆಯ ಕಂಪ್ಯೂಟರು ವಾರ ತಗೊಳ್ಳುತ್ತಿತ್ತು. ಅದಕ್ಕೇ ಗುಳಿಯ ಸುತ್ತ ಒಂದು ಪೆಟ್ಟಿಗೆ ಎಳೆದು, ಇದರೊಳಗೆ ಮಾತ್ರ ಹುಡುಕು ಎನ್ನುತ್ತೇವೆ. ಪೆಟ್ಟಿಗೆಯ ಆಚೆ ಏನಿದ್ದರೂ ಅದರ ಪಾಲಿಗೆ ಇಲ್ಲ.

ನಾನು ಕಲಿತ ಕಾಲದಲ್ಲಿ ಒಂದೊಂದು ಗೆರೆಯನ್ನೂ ಕೈಯಲ್ಲಿ ಟೈಪ್ ಮಾಡಬೇಕಿತ್ತು. ಈ ಬಿಂದುವಿನಿಂದ ಆ ಬಿಂದುವಿಗೆ ಒಂದು ಗೆರೆ, ಅಲ್ಲಿಂದ ಮುಂದಿನ ಬಿಂದುವಿಗೆ ಇನ್ನೊಂದು. ಎಂಟು ಮೂಲೆ, ಹನ್ನೆರಡು ಗೆರೆ. ಪ್ರತಿ ಬಿಂದುವಿಗೂ ಮೂರು ಸಂಖ್ಯೆ ಬೇಕು. ಎಕ್ಸ್ ಎಂದರೆ ಎಡಬಲ, ವೈ ಎಂದರೆ ಮೇಲೆ ಕೆಳಗೆ. ಝಡ್ ಎಂದರೆ ಪರದೆಯಿಂದ ನಿಮ್ಮ ಮೂಗಿನ ಕಡೆಗೆ ಬರುವ ದೂರ, ಅದರ ಹಿಂದೆ ಮೈನಸ್ ಇದ್ದರೆ ಪರದೆಯ ಒಳಕ್ಕೆ ಹೋಗುವ ದೂರ. ನನ್ನ ಮೊದಲನೇ ಪೆಟ್ಟಿಗೆಯಲ್ಲಿ ಹನ್ನೊಂದೇ ಗೆರೆ ಇದ್ದವು. ಪರೀಕ್ಷೆಗೆ ಹೊರಗಿನಿಂದ ಬಂದಿದ್ದವರು ಅದನ್ನು ನೋಡಿ, ‘ಗಾಳಿ ಆಡ್ಲಿ ಅಂತ ಒಂದು ಕಡೆ ತೆಗೆದಿಟ್ಟಿದ್ದೀರಾ?’ ಎಂದು ಕೇಳಿದರು. ಹುಡುಗರೆಲ್ಲ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ಪೆಟ್ಟಿಗೆ ಎಳೆದ ಮೇಲೆ ಮೌಸ್ ಹಿಡಿದು ಒಂದು ಸುತ್ತು ಪೂರ್ತಿ ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಂಡೆ. ಆ ಅಭ್ಯಾಸ ಆರೇಳು ವರ್ಷ ಇತ್ತು. ಆಮೇಲೆ ಹೇಗೆ ಹೋಯಿತು ಎನ್ನುವುದಕ್ಕೆ ನಮ್ಮ ವಿಭಾಗದ ಮುಖ್ಯಸ್ಥರ ವಿಷಯ ಹೇಳಬೇಕು. ಅವರನ್ನು ಇಲ್ಲಿ ಮೂರ್ತಿ ಸರ್ ಎಂದು ಕರೆಯುತ್ತೇನೆ.

ಮೂರ್ತಿ ಸರ್ ಕೆಟ್ಟವರಲ್ಲ. ಒಂಬತ್ತೂವರೆಗೆ ಬರಬೇಕೆಂದರೆ ಒಂಬತ್ತೂಕಾಲಿಗೆ ಬರುವವರು. ಕಾಗದದ ಮೇಲೆ ಏನಿದ್ದರೂ ಅಚ್ಚುಕಟ್ಟಾಗಿರಬೇಕು ಎನ್ನುವುದು ಅವರ ಒಂದೇ ಹಟ. ಒಂದು ದಿನ ನಾನು ಕೊಟ್ಟ ಪ್ರಿಂಟಿನ ಮೇಲೆ ಸ್ಕೇಲ್ ಇಟ್ಟು ನೋಡಿದರು.

‘ಸಿದ್ದರಾಜು, ಪೆಟ್ಟಿಗೆ ಯಾಕ್ರೀ ವಾಲಿದೆ?’

‘ಸ್ವಲ್ಪ ಓರೆ ಮಾಡಿದ್ರೆ ಮೂರು ಮಗ್ಗುಲೂ ಕಾಣ್ತವೆ ಸರ್. ಆಳ ಗೊತ್ತಾಗ್ಲಿ ಅಂತ.’

‘ವಾಲಿದ್ದು ಬೇಡ. ಹಿಂದಿನ ಗೆರೆ ಸಣ್ಣ, ಮುಂದಿನ ಗೆರೆ ದೊಡ್ಡ, ಇದೇನ್ರೀ ಇದು. ನೆಟ್ಟಗೆ ಎದುರಿನಿಂದ ತೆಗೀರಿ. ಚೌಕ ಚೌಕವಾಗಿರ್ಲಿ.’

ಸಾಫ್ಟ್‌ವೇರಿನಲ್ಲಿ ಅದಕ್ಕೂ ಒಂದು ಬಟನ್ ಇದೆ. ಅದನ್ನು ಒತ್ತಿದರೆ ಹತ್ತಿರದ್ದು ದೂರದ್ದು ಎರಡೂ ಒಂದೇ ಅಳತೆಯಲ್ಲಿ ಕಾಣುತ್ತವೆ. ದೂರದ್ದನ್ನು ಮಸುಕಾಗಿ ತೋರಿಸುವ ಮಂಜಿನಂಥ ಒಂದು ಏರ್ಪಾಡಿತ್ತು, ಪ್ರಿಂಟಿನಲ್ಲಿ ಕೊಳೆ ಹತ್ತಿದ ಹಾಗೆ ಕಾಣುತ್ತದೆಂದು ಅದನ್ನೂ ತೆಗೆಸಿದರು. ಅಲ್ಲಿಗೆ ಹನ್ನೆರಡು ಗೆರೆ ಎಳೆದು ನಾಲ್ಕೇ ಗೆರೆ ತೋರಿಸುವುದು ನಮ್ಮ ಲ್ಯಾಬಿನ ಪದ್ಧತಿಯಾಯಿತು. ನೂಲಿನ ಉಂಡೆಯ ಮೇಲೆ ಕೆಂಪು ಚೌಕ. ಪ್ರಾಜೆಕ್ಟ್ ಪುಸ್ತಕದಲ್ಲಿ ನೋಡಲು ನಿಜಕ್ಕೂ ಚೆನ್ನಾಗಿತ್ತು. ಎದುರಿನಿಂದ ನೋಡಿದರೆ ಚೌಕ ಗುಳಿಯ ಮೇಲೆ ಕೂತಿದೆಯೇ ಇಲ್ಲವೇ, ಅಷ್ಟು ನೋಡಿದರೆ ಸಾಕು ಎಂದು ನನ್ನ ಕಣ್ಣೂ ಒಗ್ಗಿಹೋಯಿತು. ತಿರುಗಿಸಿ ನೋಡುವುದು ಯಾವಾಗ ಬಿಟ್ಟೆ ಎಂದು ಕೇಳಿದರೆ ದಿನ ಹೇಳಲಾರೆ. ಯಾರೂ ಬಿಡು ಎಂದು ಹೇಳಿರಲಿಲ್ಲ.

ಎರಡನೆಯ ಪದ್ಧತಿ ಪೆನ್‌ಡ್ರೈವಿನದ್ದು. ಯಾವನೋ ತಂದ ಪೆನ್‌ಡ್ರೈವಿನಿಂದ ವೈರಸ್ ಬಂದು ಲ್ಯಾಬಿನ ಫೋಲ್ಡರುಗಳೆಲ್ಲ ಮಾಯವಾದವು. ಮೂರ್ತಿ ಸರ್ ಬಾಗಿಲಿಗೆ ‘ಪೆನ್‌ಡ್ರೈವ್ ನಿಷೇಧಿಸಲಾಗಿದೆ’ ಎಂದು ಬೋರ್ಡ್ ಹಾಕಿಸಿ, ಇಂಟರ್‌ನೆಟ್ಟಿನ ತಂತಿಯನ್ನೂ ಕೀಳಿಸಿಬಿಟ್ಟರು. ಲೆಕ್ಕ ಹಾಕುವ ವೇಗದ ಕಂಪ್ಯೂಟರು ಇದ್ದದ್ದು ಅದೇ ಆಡಳಿತ ಮಂಡಳಿಯ ಗುಂಡ್ಲುಪೇಟೆ ಕಾಲೇಜಿನಲ್ಲಿ. ಹೀಗಾಗಿ ಚಾಮರಾಜನಗರದಲ್ಲಿ ಪೆಟ್ಟಿಗೆಯ ಜಾಗ ಗೊತ್ತುಮಾಡಿ, ಪೆಟ್ಟಿಗೆಯ ಅಳತೆ ಯಾವಾಗಲೂ ಒಂದೇ ಆದ್ದರಿಂದ ಅದರ ನಡುಬಿಂದುವಿನ ಮೂರು ಸಂಖ್ಯೆಗಳನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಶನಿವಾರ ತೆರಕಣಾಂಬಿ ಮೇಲೆ ಬಸ್ಸಿನಲ್ಲಿ ಗುಂಡ್ಲುಪೇಟೆಗೆ ಹೋಗಿ, ಅಲ್ಲಿ ಅದನ್ನೇ ಮತ್ತೆ ಟೈಪ್ ಮಾಡುವುದು. ಈಗಿನವರಿಗೆ ಇದು ಹುಚ್ಚಾಟ ಎನಿಸಬಹುದು. ನಮಗೆ ಅದು ಶಿಸ್ತು ಎನಿಸಿತ್ತು. ಬಸ್ಸಿನಲ್ಲಿ ನೋಟ್‌ಬುಕ್ ತೊಡೆಯ ಮೇಲೆ ಇಟ್ಟುಕೊಂಡು ಕೂತರೆ ಏನೋ ಘನಂದಾರಿ ಕೆಲಸಕ್ಕೆ ಹೊರಟಿದ್ದೇನೆ ಅನ್ನಿಸುತ್ತಿತ್ತು.

ಹೀಗಿರುವಾಗ ರಾಜೇಶ್ವರಿ ಎಂಎಸ್ಸಿಗೆ ಸೇರಿದಳು. ಎಲ್ಲರ ಬಾಯಲ್ಲೂ ರಾಜಿ. ಪುಣಜನೂರಿನ ಹುಡುಗಿ. ಅವಳ ಅಪ್ಪ ಮಾದಯ್ಯ ಅರಣ್ಯ ಇಲಾಖೆಯಲ್ಲಿ ವಾಚರ್, ಅದೂ ದಿನಗೂಲಿಯಲ್ಲಿ. ಸತ್ಯಮಂಗಲದ ಕಡೆಯಿಂದ ಬರುವ ಬಸ್ಸು ತುಂಬಿ ಬಂದರೆ ಪುಣಜನೂರಿನಲ್ಲಿ ನಿಲ್ಲಿಸುತ್ತಿರಲಿಲ್ಲ. ಆದರೂ ಅವಳು ಮೊದಲನೇ ಪೀರಿಯಡ್ ತಪ್ಪಿಸಿದ್ದನ್ನು ನಾನು ಕಾಣೆ. ಬರೆದ ಸಂಖ್ಯೆಯ ಮೇಲೆ ಬೆರಳಿಟ್ಟು, ತುಟಿ ಅಲುಗಿಸಿ, ಮೂರು ಸಲ ಓದಿ ಮುಂದಕ್ಕೆ ಹೋಗುವ ಹುಡುಗಿ. ಮೂವತ್ತೊಂದು ವರ್ಷದಲ್ಲಿ ಲ್ಯಾಬಿಗೆ ಬಂದು ಹೋದವರಲ್ಲಿ ಇವಳು ವಿಜ್ಞಾನಿ ಆಗುತ್ತಾಳೆ ಎಂದು ನನಗೆ ಖಾತ್ರಿಯಿದ್ದದ್ದು ಇಬ್ಬರ ಬಗ್ಗೆ. ಇವಳು ಎರಡನೆಯವಳು. ಮೊದಲನೆಯವನು ಆದ.

ಅವಳ ಪ್ರಾಜೆಕ್ಟು ಮಧುನಾಶಿನಿ ಬಳ್ಳಿಯ ಮೇಲೆ. ಅವರೂರಿನ ಕಾಡಂಚಿನಲ್ಲಿ ಸಿಗುವ ಬಳ್ಳಿ, ಸಕ್ಕರೆ ಕಾಯಿಲೆಗೆ ಅದರ ಎಲೆ ಅಗಿಯುವವರು ಈಗಲೂ ಇದ್ದಾರೆ. ನಾವು ತಿಂದ ಪಿಷ್ಟವನ್ನು ಹೊಟ್ಟೆಯಲ್ಲಿ ಸಕ್ಕರೆಯಾಗಿ ಒಡೆಯುವ ಒಂದು ಕಿಣ್ವ ಇದೆ, ಅದೂ ಒಂದು ಪ್ರೋಟೀನು. ಅದರ ಗುಳಿಯಲ್ಲಿ ಈ ಎಲೆಯ ಅಣುಗಳು ಕೂರುತ್ತವೆಯೇ ಎಂದು ನೋಡಬೇಕು. ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಪಿಎಚ್‌ಡಿಗೆ ಸೀಟು ಕರೆದಿದ್ದರು. ಅವರು ಸಂದರ್ಶನದಲ್ಲಿ ಪ್ರಾಜೆಕ್ಟ್ ಪುಸ್ತಕ ತೆಗೆದು ಪ್ರಶ್ನೆ ಕೇಳುತ್ತಾರೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಆ ಸೀಟು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಸಿಕ್ಕರೆ ಫೆಲೋಶಿಪ್ಪಿನಲ್ಲಿ ಓದು, ಸಿಗದಿದ್ದರೆ ಎಲ್ಲಾದರೂ ಕೆಲಸ, ಹಾಗೆಂದು ಮನೆಯಲ್ಲಿ ಮಾತಾಗಿತ್ತು.

ಮಾದಯ್ಯ ಒಂದು ಸಲ ಲ್ಯಾಬಿಗೆ ಬಂದಿದ್ದ. ಮಗಳು ಏನು ಮಾಡುತ್ತಾಳೆ ನೋಡಬೇಕು ಎಂದು ಖಾಕಿ ಅಂಗಿಯಲ್ಲೇ ಬಂದವನು, ಚಪ್ಪಲಿ ಹೊರಗೆ ಬಿಟ್ಟು ಪರದೆಯ ಮುಂದೆ ಕೈಕಟ್ಟಿ ನಿಂತ. ನಾನು ಕೆಂಪು ಪೆಟ್ಟಿಗೆ ತೋರಿಸಿ ವಿವರಿಸಿದೆ.

‘ಆ ಡಬ್ಬದಾಚ್ಗೆ ಕಂಪ್ಯೂಟ್ರು ನೋಡಕಿಲ್ವಾ ಸಾ?’

‘ಇಲ್ಲ ಮಾದಯ್ಯ. ನಾವು ಹೇಳಿದಷ್ಟೇ ಜಾಗ.’

‘ನಮ್ ಬೀಟಿದ್ದಂಗೆ ಅನ್ನಿ, ನಾ ಕಾಯೋ ಅಷ್ಟು ಜಾಗ. ಆನೆ ಇಲ್ಲ ಅಂತ ನಾ ಬರ್ಸುದ್ರೆ, ಕಾಡಲ್ಲೇ ಆನೆ ಇಲ್ಲ ಅಂತಲ್ಲ ಕಣಿ. ನನ್ ಬೀಟಲ್ಲಿಲ್ಲ ಅಂತ.’

‘ಅದೇ ಕಣಯ್ಯ, ಸರಿಯಾಗಿ ಹೇಳ್ದೆ.’

‘ಹಂಗಾರೆ ಡಬ್ಬ ಎಲ್ಲಿಡ್ಬೇಕು ಅಂತ ಯೋಳೋರು ಯಾರು?’

‘ನಾನೇ’ ಎಂದೆ. ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದ್ದೆ ಅನ್ನಿಸುತ್ತದೆ. ಅವನು ಮಗಳ ಕಡೆ ನೋಡಿ, ‘ಸಾರ್ ಯೋಳ್ದಂಗೆ ಕೇಳ್ಕೊ ಕಣಮ್ಮಿ’ ಎಂದು ಹೇಳಿ ಹೋದ.

ಪೆಟ್ಟಿಗೆಯ ನಡುಬಿಂದು ನಾನೇ ಗೊತ್ತುಮಾಡಿದ್ದು. ಎಕ್ಸ್ ಹನ್ನೆರಡೂವರೆ, ವೈ ಮೂವತ್ತೆಂಟು, ಝಡ್ ಮೈನಸ್ ಹದಿನಾರೂವರೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಶನಿವಾರ ನಾನೂ ರಾಜಿಯೂ ಗುಂಡ್ಲುಪೇಟೆಗೆ ಹೋದೆವು. ನಾನು ಪ್ರಿಂಟರಿಗೆ ಕಾಗದ ತರಲು ಹೋದಾಗ ಅವಳು ನೋಟ್‌ಬುಕ್ ನೋಡಿ ಸಂಖ್ಯೆಗಳನ್ನು ಟೈಪ್ ಮಾಡಿದಳು. ಲೆಕ್ಕಕ್ಕೆ ಹಾಕಿ ಊಟಕ್ಕೆ ಹೋಗಿ ಬಂದೆವು. ಮಧ್ಯಾಹ್ನ ಅಂಕ ಬಂತು, ಒಳ್ಳೆಯ ಅಂಕ. ಅಲ್ಲೇ ಚಿತ್ರ ತೆಗೆದೆವು. ಎದುರಿನಿಂದ, ನೆಟ್ಟಗೆ, ಚೌಕ ಚೌಕವಾಗಿ. ಗುಳಿಯ ಮೇಲೆ ಕೆಂಪು ಚೌಕ, ಅದರೊಳಗೆ ಹಸಿರು ಬಣ್ಣದಲ್ಲಿ ಎಲೆಯ ಅಣು. ಫೈಲುಗಳನ್ನು ಸಿಡಿಗೆ ಹಾಕಿದೆವು, ಪುಸ್ತಕದ ಕೊನೆಯ ರಟ್ಟಿಗೆ ಅಂಟಿಸಲು. ಬಸ್ ಸ್ಟ್ಯಾಂಡಿನಲ್ಲಿ ಅವಳು ನನಗೆ ಕಬ್ಬಿನ ಹಾಲು ಕುಡಿಸಿದಳು.

ಸಂದರ್ಶನ ಒಂದು ಬುಧವಾರ ಇತ್ತು. ಅದರ ಹಿಂದಿನ ಗುರುವಾರ ಬೈಂಡಿಂಗ್ ಆಗಿ ಬಂದ ಪುಸ್ತಕಗಳನ್ನು ಬೀರುವಿನಲ್ಲಿ ಜೋಡಿಸುತ್ತಾ ಅವಳ ಪುಸ್ತಕ ತೆಗೆದು ಸುಮ್ಮನೆ ಹಾಳೆ ತಿರುವಿದೆ. ಅಣುವಿನ ಸುತ್ತ ಪ್ರೋಟೀನಿನ ಯಾವ ಯಾವ ತುಣುಕು ತಾಗುತ್ತವೆ ಎಂದು ಒಂದು ಪಟ್ಟಿ ಇರುತ್ತದೆ, ಪ್ರತಿ ತುಣುಕಿಗೂ ನಂಬರ್ ಇರುತ್ತದೆ. ಆ ಕಿಣ್ವದ ಗುಳಿಯ ನಂಬರುಗಳು ನನಗೆ ಬಾಯಿಪಾಠ. ಎಷ್ಟೋ ಹುಡುಗರು ಅದೇ ಕಿಣ್ವದ ಮೇಲೆ ಪ್ರಾಜೆಕ್ಟ್ ಮಾಡಿದ್ದರು. ಪಟ್ಟಿಯಲ್ಲಿ ಅವುಗಳಲ್ಲಿ ಒಂದೂ ಇರಲಿಲ್ಲ.

ಕೂತೆ. ನೋಟ್‌ಬುಕ್ ತೆಗೆದೆ. ಝಡ್ ಎದುರಿಗೆ ಹದಿನಾರೂವರೆ ಎಂದಿತ್ತು, ಮೈನಸ್ ಕಾಣಲಿಲ್ಲ. ಗೆರೆ ಹಾಕಿದ ಪುಸ್ತಕ, ಗೆರೆಯ ಮೇಲೆ ಗೆರೆ ಬಿದ್ದು ಮುಚ್ಚಿಹೋಗಿರಬೇಕು ಎಂದುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಇರಲಿಲ್ಲ. ನಾನು ಬರೆದೇ ಇರಲಿಲ್ಲ. ಲ್ಯಾಬಿನ ಕಂಪ್ಯೂಟರಿನಲ್ಲಿ ಅದೇ ಪ್ರೋಟೀನು ತೆರೆದು, ನೋಟ್‌ಬುಕ್ಕಿನಲ್ಲಿದ್ದ ಹಾಗೆಯೇ ಹನ್ನೆರಡು ಗೆರೆ ಎಳೆದೆ. ಎದುರಿನಿಂದ ಎಲ್ಲ ಸರಿಯಾಗಿತ್ತು, ಚೌಕ ಗುಳಿಯ ಮೇಲೇ ಇತ್ತು. ಮೌಸ್ ಹಿಡಿದು ಪಕ್ಕಕ್ಕೆ ತಿರುಗಿಸಿದೆ. ಗುಳಿ ಹಿಂದೆ ಉಳಿಯಿತು. ಪೆಟ್ಟಿಗೆ ಅದನ್ನು ಬಿಟ್ಟು ಮುಂದಕ್ಕೆ, ಉಂಡೆಯ ಇನ್ನೊಂದು ತುದಿಯಲ್ಲಿ, ಯಾವ ಕೆಲಸವೂ ನಡೆಯದ ಒಂದು ಸಂದಿಯನ್ನು ತಬ್ಬಿಕೊಂಡು ನಿಂತಿತ್ತು. ಆಳವನ್ನು ನಾವೇ ತೆಗೆದುಹಾಕಿದ್ದೆವು. ಆಳದಲ್ಲೇ ತಪ್ಪಾಗಿತ್ತು.

ಆಗ ಮಾಡಿದ ಒಂದು ಕೆಲಸವನ್ನು ಮುಚ್ಚಿಡದೆ ಬರೆಯಬೇಕು. ಜೇಬಿನ ಪೆನ್ನು ತೆಗೆದು ಹದಿನಾರೂವರೆಯ ಹಿಂದೆ ಮೈನಸ್ ಹಾಕಿದೆ. ಯಾರಿಗೋ ಮೋಸ ಮಾಡಬೇಕೆಂದು ಹಾಕಲಿಲ್ಲ. ತಪ್ಪು ಕಂಡರೆ ತಿದ್ದುವ ಕೈ, ತಿದ್ದಿತು. ಹಾಗೆಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಮೂರ್ತಿ ಸರ್ ಕೋಣೆಗೆ ಹೋಗಿ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

‘ಬೈಂಡಿಂಗ್ ಆಗಿದೆ. ಸಹಿ ಆಗಿದೆ. ಯೂನಿವರ್ಸಿಟಿಗೆ ಕಾಪಿ ಹೋಗಿದೆ. ಈಗ ಏನ್ ಮಾಡೋಣ ಅಂತೀರಿ?’

‘ಇನ್ನೊಂದ್ಸಲ ಲೆಕ್ಕಕ್ಕೆ ಹಾಕೋಣ ಸರ್. ನಾಲ್ಕು ಗಂಟೆ ಕೆಲಸ. ನಾಲ್ಕು ಹಾಳೆ ಬದಲಾಯಿಸಿ...’

‘ಬದಲಾಯಿಸಿದ್ರೆ ಹಿಂದಿನ ಎರಡು ವರ್ಷದ ಪ್ರಾಜೆಕ್ಟೂ ತೆಗೆದು ನೋಡಿ ಅಂತಾರೆ. ನೋಡೋಕೆ ನೀವು ರೆಡಿನಾ?’

ನಾನು ರೆಡಿ ಇರಲಿಲ್ಲ. ಆ ಎರಡು ವರ್ಷದ ಪೆಟ್ಟಿಗೆಗಳನ್ನೂ ನಾನು ತಿರುಗಿಸಿ ನೋಡಿರಲಿಲ್ಲ.

‘ಎಲ್ಲ ಸಂದರ್ಶನದಲ್ಲೂ ಚಿತ್ರ ನೋಡ್ತಾರೆ, ಚೆನ್ನಾಗಿದೆ ಅಂತಾರೆ, ಮುಂದೆ ಹೋಗ್ತಾರೆ. ಯಾರ್ರೀ ತಿರುಗಿಸಿ ನೋಡ್ತಾರೆ? ಹುಡುಗಿಗೆ ಹೇಳಿ ಅವಳ ಧೈರ್ಯ ಕೆಡಿಸ್ಬೇಡಿ’ ಎಂದರು.

ಅವರ ಕೋಣೆಯಿಂದ ಹೊರಗೆ ಬರುವಾಗ ನನಗೆ ದುಃಖವಾಗಿದ್ದರೆ ಇವತ್ತು ಇದನ್ನು ಬರೆಯುವುದು ಸ್ವಲ್ಪ ಸುಲಭವಾಗುತ್ತಿತ್ತು. ನನಗೆ ಹಗುರವಾಯಿತು. ಮೇಲಿನವರು ಬೇಡ ಎಂದರು, ನನ್ನದೇನಿದೆ ಎಂದುಕೊಂಡೆ. ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ. ಹಾಗೆಯೇ ಆರು ದಿನ ಕಳೆದವು.

ಸಂದರ್ಶನದಲ್ಲಿ ಆದದ್ದನ್ನು ರಾಜಿಯೇ ಬಂದು ಹೇಳಿದಳು. ಮೂರು ಜನ ಕೂತಿದ್ದರಂತೆ. ನಡುವೆ ಕೂತಿದ್ದ ವಯಸ್ಸಾದ ಮೇಡಂ ಪಟ್ಟಿ ನೋಡಿ, ಸಿಡಿ ಹಾಕಿಸಿ, ಮೌಸ್ ಅವಳ ಕೈಗೆ ಕೊಟ್ಟು, ‘ಸ್ವಲ್ಪ ತಿರುಗಿಸಮ್ಮಾ’ ಎಂದರಂತೆ. ಇವಳು ತಿರುಗಿಸಿದಳು. ಪೆಟ್ಟಿಗೆ ಮುಂದೆ ನಿಂತಿತು, ಗುಳಿ ಹಿಂದೆ ಖಾಲಿ ಬಿದ್ದಿತ್ತು. ಯಾರೂ ಬೈಯಲಿಲ್ಲ. ಇದನ್ನು ಸರಿಮಾಡಿಕೊಂಡು ಮುಂದಿನ ವರ್ಷ ಬಾ ಎಂದು ಆ ಮೇಡಂ ಹೇಳಿದರಂತೆ. ಇವಳಿಗೆ ಏನೂ ಕೇಳಿಸದೆ, ಸಿಡಿ ಅಲ್ಲೇ ಬಿಟ್ಟು ಬಂದಿದ್ದಳು.

‘ನಾನೇ ಮೈನಸ್ ಬುಟ್ಬುಟ್ಟಿವ್ನಿ ಸಾರ್. ಟೈಪ್ ಮಾಡೋವಾಗ. ಮೂರ್ ಸಲ ನೋಡಿದ್ದೆ, ಆದ್ರೂ ಬುಟ್ಬುಟ್ಟಿವ್ನಿ. ಒಂದ್ಸಲ ನೋಟ್‌ಬುಕ್ ತೋರಿಸ್ತೀರಾ?’

ತೋರಿಸಿದೆ. ಮೈನಸ್ ಅಲ್ಲಿತ್ತು. ಅವಳು ಅದರ ಮೇಲೆ ಬೆರಳಿಟ್ಟು ಬಹಳ ಹೊತ್ತು ನೋಡಿದಳು.

‘ನಿಮ್ಮೆಸ್ರು ಕೆಡಿಸ್ಬುಟ್ಟೆ ಸಾರ್’ ಎಂದಳು.

‘ಓಗ್ಲಿ ಬುಡಮ್ಮಿ, ಎಲ್ರಿಗೂ ಆಗೋದೇ’ ಎಂದೆ ನಾನು. ನನ್ನ ತಪ್ಪಿಗೆ ಅವಳನ್ನು ಕ್ಷಮಿಸಿ ಕಳಿಸಿದೆ. ಈ ಕೈಯಲ್ಲಿ ಎಷ್ಟೋ ಬ್ಯೂರೆಟ್ಟು ಒಡೆದಿದೆ, ಎಷ್ಟೋ ಆಸಿಡ್ ಚೆಲ್ಲಿದೆ, ಅದೆಲ್ಲ ಮರೆತುಹೋಗಿದೆ. ಆ ಒಂದು ಮಾತು ಮರೆತಿಲ್ಲ.

ಮುಂದಿನ ವರ್ಷ ಅರ್ಜಿ ಹಾಕು ಎಂದು ನಾನೇ ಫೋನ್ ಮಾಡಿದೆ. ‘ಬ್ಯಾಡ ಸಾರ್, ನನ್ ಕಣ್ಣ ನಾನೇ ನಂಬಕಾಯ್ತಿಲ್ಲ’ ಎಂದಳು. ಮಾದಯ್ಯ ಒಮ್ಮೆ ಸಂತೆಯಲ್ಲಿ ಸಿಕ್ಕಿದ. ‘ಅವ್ಳೇ ಏನೋ ತಪ್ ಮಾಡ್ಬುಟ್ಲಂತೆ ಸಾ, ನೀವೇನ್ ಮಾಡಕಾದದು’ ಎಂದು ನನಗೇ ಸಮಾಧಾನ ಹೇಳಿದ. ನಾನು ತಲೆಯಾಡಿಸಿದೆ.

ಆಮೇಲೆ ಕೆಲಸದ ರೀತಿ ಬದಲಾಯಿತು. ಪೆಟ್ಟಿಗೆಯನ್ನು ಸಾಫ್ಟ್‌ವೇರೇ ಹಾಕಿಕೊಳ್ಳಲು ಶುರುಮಾಡಿತು. ಗುಳಿ ಹುಡುಕುವುದೂ ಅದೇ, ಅಳತೆ ಕೊಡುವುದೂ ಅದೇ. ಹುಡುಗರು ಒಂದು ಬಟನ್ ಒತ್ತಿ ಚಾ ಕುಡಿಯಲು ಹೋಗುತ್ತಾರೆ. ಹೊಸ ಮುಖ್ಯಸ್ಥರು ಬಂದು ಪೆನ್‌ಡ್ರೈವ್ ಬೋರ್ಡ್ ತೆಗೆಸಿದರು. ಮೂರ್ತಿ ಸರ್ ನಿವೃತ್ತರಾಗಿ ಮಗಳ ಮನೆಗೆ ಹೋದರು, ಒಂದು ವರ್ಷದಲ್ಲಿ ತೀರಿಕೊಂಡರು. ಅವರ ಮೇಲೆ ಹೇಳಿ ನಾನು ತಪ್ಪಿಸಿಕೊಳ್ಳುವ ಹಾಗೂ ಇಲ್ಲ. ಅವರು ಚೌಕ ಕೇಳಿದ್ದು ನಿಜ. ಕಾಗದಕ್ಕೆ ಕೇಳಿದ್ದರು, ಕಣ್ಣಿಗೆ ಅಲ್ಲ. ನನ್ನ ಕೊನೆಯ ವರ್ಷಗಳು ಕಂಪ್ಯೂಟರ್ ಆನ್ ಮಾಡುವುದು, ಆಫ್ ಮಾಡುವುದು, ಪರದೆಯ ಧೂಳು ಒರೆಸುವುದು, ಇಷ್ಟರಲ್ಲಿ ಮುಗಿದವು. ಬೀಳ್ಕೊಡುಗೆಯಲ್ಲಿ ಶಾಲು ಹೊದಿಸಿ, ‘ತಪ್ಪೇ ಮಾಡದ ಕೈ’ ಎಂದು ಭಾಷಣ ಮಾಡಿದರು. ಶಾಲು ಈಗಲೂ ಕವರಿನಲ್ಲೇ ಇದೆ.

ಹಿಂದಿನ ಎರಡು ವರ್ಷದ ಪ್ರಾಜೆಕ್ಟುಗಳನ್ನು ತಿರುಗಿಸಿ ನೋಡಿದೆಯೋ ಎಂದು ನೀವು ಕೇಳಬಹುದು. ನೋಡಿದೆ, ನಿವೃತ್ತಿಗೆ ಒಂದು ತಿಂಗಳಿದ್ದಾಗ, ಒಬ್ಬನೇ ಕೂತು ನೋಡಿದೆ. ಎಲ್ಲ ಸರಿಯಾಗಿದ್ದವು. ತಪ್ಪಿದ್ದು ಅವಳದ್ದು ಒಂದೇ. ಅವತ್ತು ಧೈರ್ಯ ಮಾಡಿ ನೋಡಿದ್ದರೆ ಹೆದರಲು ಏನೂ ಇರಲಿಲ್ಲ.

ಈ ಬರಹಕ್ಕೆ ಕೂತಾಗ ಅವಳ ಭಾಗಕ್ಕೆ ಬಂದು ಪೆನ್ನು ನಿಂತುಬಿಟ್ಟಿತು. ಅವಳಿಗೆ ಹೇಳದೆ ಊರಿಗೆಲ್ಲ ಹೇಳುವುದು ಯಾವ ನ್ಯಾಯ ಎನಿಸಿತು. ವಿಚಾರಿಸಿದೆ. ಗುಂಡ್ಲುಪೇಟೆಯ ಹತ್ತಿರ ಚೆಂಡುಹೂವಿನಿಂದ ಬಣ್ಣ ತೆಗೆಯುವ ಒಂದು ಕಾರ್ಖಾನೆಯ ಲ್ಯಾಬಿನಲ್ಲಿದ್ದಾಳೆ ಎಂದು ಗೊತ್ತಾಯಿತು. ಹೋದ ತಿಂಗಳು ಬಸ್ ಹತ್ತಿದೆ. ಅದೇ ತೆರಕಣಾಂಬಿ ಮೇಲಿನ ದಾರಿ.

ಕಾರ್ಖಾನೆಯ ಗೇಟಿನಿಂದಲೇ ಹುಳಿಬಂದ ಹೂವಿನ ವಾಸನೆ ಮೂಗಿಗೆ ಬಡಿಯಿತು. ಲಾರಿಗಳಿಂದ ಹೂವನ್ನು ಸಲಿಕೆಯಲ್ಲಿ ಎಳೆದು ಹಾಕುತ್ತಿದ್ದರು. ರಾಜಿ ಬಿಳಿ ಕೋಟಿನಲ್ಲೇ ಹೊರಗೆ ಬಂದಳು. ಮೈ ತುಂಬಿಕೊಂಡಿದ್ದಾಳೆ, ಬೆರಳ ತುದಿಗಳೆಲ್ಲ ಹಳದಿ. ‘ಚೆನ್ನಾಗಿದ್ದೀರಾ ಸಾರ್? ಅಮ್ಮೋರು ಚೆನ್ನಾಗವ್ರಾ?’ ಎಂದು ಕೇಳಿ ಕ್ಯಾಂಟೀನಿಗೆ ಕರೆದುಕೊಂಡು ಹೋದಳು. ಹೂವಿನ ಸಾರದಲ್ಲಿ ಬಣ್ಣ ಎಷ್ಟು ಗಟ್ಟಿಯಿದೆ ಎಂದು ಅಳೆಯುವುದು ಅವಳ ಕೆಲಸ. ಒಂದೊಂದು ಸ್ಯಾಂಪಲನ್ನೂ ಐದು ಸಲ ಅಳೆಯುತ್ತಾಳಂತೆ. ಜೊತೆಯವರು ಎರಡು ಸಲ ಅಳೆದು ಮನೆಗೆ ಹೋಗುತ್ತಾರೆ, ಇವಳು ಉಳಿಯುತ್ತಾಳೆ. ‘ನಂಗೆ ಐದಾಗ್ದೆ ನಂಬ್ಕೆ ಬರಕಿಲ್ಲ ಸಾರ್’ ಎಂದು ನಕ್ಕಳು.

ಇನ್ನು ತಡೆಯುವುದಕ್ಕಾಗದೆ ಹೇಳಿದೆ. ನೋಟ್‌ಬುಕ್ಕಿನಲ್ಲಿ ಮೈನಸ್ ಇರಲಿಲ್ಲ, ಆಮೇಲೆ ನಾನು ಹಾಕಿದ್ದು, ನೀನು ಅಲ್ಲಿದ್ದದ್ದನ್ನು ಸರಿಯಾಗಿಯೇ ಟೈಪ್ ಮಾಡಿದ್ದೆ ಎಂದೆ. ಅವಳು ಲೋಟ ಕೆಳಗಿಟ್ಟಳು.

‘ಹಂಗಾರೆ ನಾ ತಪ್ ಮಾಡಿರ್ನಿಲ್ಲ.’

‘ಇಲ್ಲ ಕಣಮ್ಮ.’

‘ನಾ ಮೂರ್ ಸಲ ನೋಡಿದ್ದು ಸರಿಯಾಗೇ ನೋಡಿದ್ದೆ.’

‘ಸರಿಯಾಗೇ ನೋಡಿದ್ದೆ.’

ಅವಳು ಅಳಲಿಲ್ಲ. ಅತ್ತಿದ್ದರೆ, ಬೈದಿದ್ದರೆ ನನಗೆ ಕೂರಲು ಒಂದು ಜಾಗ ಸಿಗುತ್ತಿತ್ತು. ತನ್ನ ಹಳದಿ ಬೆರಳುಗಳನ್ನು ನೋಡಿಕೊಂಡಳು.

‘ನಿಮ್ಗೆ ಯಾವಾಗ ಗೊತ್ತಾಯ್ತು ಸಾರ್?’

‘ಸಂದರ್ಶನಕ್ಕೆ ಆರು ದಿನ ಇದ್ದಂಗೆ. ಗುರುವಾರ.’

ಅವಳು ಮನಸ್ಸಿನಲ್ಲೇ ದಿನ ಎಣಿಸುತ್ತಿರುವುದು ಗೊತ್ತಾಗುತ್ತಿತ್ತು, ತುಟಿ ಅಲುಗುತ್ತಿತ್ತು.

‘ಶನಿವಾರ ಲ್ಯಾಬಲ್ಲಿ ನನ್ನ ಕೂರಿಸ್ಕೊಂಡು ಪ್ರಶ್ನೆ ಕೇಳಿದ್ರಿ. ಸೋಮವಾರನೂ ಕೂರಿಸ್ಕೊಂಡ್ರಿ. ಆ ಚಿತ್ರನೇ ಮುಂದಿಟ್ಟು, ಪೆಟ್ಟಿಗೆ ಯಾಕೆ ಇಲ್ಲೇ ಹಾಕ್ದೆ ಅಂತ ಕೇಳುದ್ರೆ ಹೆಂಗೆ ಯೋಳ್ಬೇಕು ಅಂತ ನೀವೇ ಹೇಳ್ಕೊಟ್ರಿ ಸಾರ್. ನಾ ಅದ್ನೇ ಯೋಳ್ದೆ ಅಲ್ಲಿ.’

ಬೆಲ್ ಆಯಿತು. ಅವಳು ಎದ್ದು, ಬಸ್ಸಿನ ಹೊತ್ತು ಹೇಳಿ, ನನ್ನ ಲೋಟವನ್ನೂ ತಾನೇ ತೆಗೆದುಕೊಂಡು ಒಳಗೆ ಹೋದಳು.

ಅವಳು ಹೇಳಿದ್ದು ನಿಜ. ಎರಡು ದಿನವೂ ಕೂರಿಸಿಕೊಂಡಿದ್ದೆ. ಎರಡನೆಯ ದಿನ ಅವಳ ಉತ್ತರ ಕೇಳಿ ‘ಭೇಷ್’ ಎಂದೂ ಅಂದಿದ್ದೆ. ಆರು ದಿನ ಕಳೆದವು ಎಂದು ಮೇಲೆ ಬರೆಯುವಾಗ ಇದನ್ನು ಬಿಟ್ಟಿದ್ದೇನೆ, ನೆನಪಿದ್ದೇ ಬಿಟ್ಟಿದ್ದೇನೆ. ಈಗ ಹೋಗಿ ಅಲ್ಲಿ ಸೇರಿಸುವುದಿಲ್ಲ. ಒಂದು ಸಲ ಹಾಗೆ ತಿದ್ದಿ ನೋಡಿದ್ದೇನೆ.